ಆಫ್ರಿಕಾಕ್ಕೆ ಹೊರಟಿದ್ವಿ, ಹಳಿಯಾಳದಲ್ಲಿ ಇಳಿದ್ವಿ

ಹತ್ತು ದಿನದ ಕ್ಯಾಂಪ್ ಮುಗಿಯೋಕೆ ಇನ್ನೆರಡೇ ದಿನ ಇತ್ತು. ಆ ಶುಕ್ರವಾರ ಬೆಳಿಗ್ಗೆ ನಮ್ಮ ಗುಂಪಿನವರೆಲ್ಲ ಟೆಂಪೋ ಹತ್ತಿ ದಾಂಡೇಲಿ ಕಡೆ ಹೊರಟರು. ಕಾಳಿ ನದಿಯಲ್ಲಿ ರ‍್ಯಾಫ್ಟಿಂಗ್! ಒಂದು ತಿಂಗಳ ಮೊದಲೇ ಬುಕ್ ಮಾಡಿದ್ದು. ಹೋಗದಿದ್ರೆ ದುಡ್ಡು ವಾಪಸ್ ಬರೋದಿಲ್ಲ.

ನಾನು ಹೋಗಲಿಲ್ಲ. ಊರಿನ ಅಕ್ಕ ಒಬ್ಬರ ಹಳೇ ಸ್ಕೂಟಿಯ ಹಿಂದೆ ಕೂತು, ತೊಡೆ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಇಟ್ಕೊಂಡು ಹಳಿಯಾಳ ಪೇಟೆಗೆ ಹೊರಟೆ. ಆ ಕವರ್‌ನಲ್ಲಿ ಹದಿನಾರು ವರ್ಷದ ಒಬ್ಬ ಹುಡುಗಿಯ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಪ್ರಿಂಟೌಟ್, ರೇಷನ್ ಕಾರ್ಡ್, ಆಧಾರ್ ಮತ್ತು ಅವಳ ಚಿಕ್ಕಪ್ಪನ ಹೆಸರಿನ ಒಂದು ಹಳೇ ಕಾಗದ ಇದ್ದವು. ಆ ಹಳೇ ಕಾಗದ ಹೇಗೆ ಸಿಕ್ತು, ಅದಕ್ಕೋಸ್ಕರ ರ‍್ಯಾಫ್ಟಿಂಗ್ ಬಿಟ್ಟಿದ್ದು ಯಾಕೆ ಅನ್ನೋದನ್ನು ಹೇಳೋಕೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಕೀನ್ಯಾ ಪ್ಲಾನ್

ನಾನು ಮಂಗಳೂರಿನವಳು. ಬೆಂಗಳೂರಿನಲ್ಲಿ ಐಟಿ ಕೆಲಸ. ನಮ್ಮ ಚರ್ಚಿನ ಯುವಜನರ ಗುಂಪು ವರ್ಷಕ್ಕೊಮ್ಮೆ ಎಲ್ಲಾದರೂ ಸೇವೆಗೆ ಅಂತ ಹೋಗುತ್ತೆ. ಕರಾವಳಿ ಕಡೆಯ ಎಷ್ಟೋ ಫಾದರ್‌ಗಳು, ಸಿಸ್ಟರ್‌ಗಳು ಟಾಂಜಾನಿಯಾ, ಕೀನ್ಯಾ ಅಂತ ಆಫ್ರಿಕಾದ ದೇಶಗಳಲ್ಲಿ ಶಾಲೆ, ಆಸ್ಪತ್ರೆ ನಡೆಸಿಕೊಂಡು ಇದ್ದಾರೆ. ಹಾಗಾಗಿ ಕಳೆದ ವರ್ಷ ಯಾರೋ ಒಬ್ಬರು "ಈ ಸಲ ಆಫ್ರಿಕಾ" ಅಂದರು. ಎಲ್ಲರ ಕಣ್ಣೂ ಅರಳಿತು. ವಾಟ್ಸಾಪ್ ಗ್ರೂಪಿಗೆ ಸಿಂಹದ ಫೋಟೋ ಡಿಪಿ ಬಂತು. ಹಳದಿ ಜ್ವರದ ಲಸಿಕೆ ಎಲ್ಲಿ ಹಾಕಿಸೋದು ಅಂತ ಚರ್ಚೆಯೂ ಆಯ್ತು.

ಟಿಕೆಟ್ ರೇಟ್ ನೋಡಿದ ಮೇಲೆ ಗ್ರೂಪ್ ತಣ್ಣಗಾಯ್ತು. ಅರ್ಧ ಜನಕ್ಕೆ ರಜೆ ಇಲ್ಲ, ಉಳಿದವರಿಗೆ ದುಡ್ಡಿಲ್ಲ. ಆಗ ನಮ್ಮ ಫಾದರ್ ನಗುತ್ತಾ ಅಂದರು: "ಆಫ್ರಿಕಾದವರನ್ನೇ ನೋಡಬೇಕಾ? ಹುಬ್ಬಳ್ಳಿ ಟ್ರೈನ್ ಹತ್ತಿ. ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಜನ ಇದ್ದಾರೆ."

ಆಗ ನಾವೂ ನಕ್ಕಿದ್ವಿ. ಆ ಮಾತು ಎಷ್ಟು ತಪ್ಪು ಅಂತ ನನಗೆ ಅರ್ಥ ಆಗಿದ್ದು ಕ್ಯಾಂಪಿನ ಎಂಟನೇ ದಿನ.

ಹೀಗೆ ಮೇ ತಿಂಗಳ ಒಂದು ರಾತ್ರಿ ಹದಿನಾಲ್ಕು ಜನ ಹುಬ್ಬಳ್ಳಿ ಟ್ರೈನ್ ಹತ್ತಿದ್ವಿ. ಅಲ್ಲಿಂದ ಬಸ್. ಧಾರವಾಡ ದಾಟಿದ ಮೇಲೆ ಬಯಲು ನಿಧಾನಕ್ಕೆ ಕಾಡಾಗುತ್ತೆ. ಹಳಿಯಾಳದ ಸುತ್ತ ಕಬ್ಬು, ಭತ್ತದ ಗದ್ದೆ. ಸ್ವಲ್ಪ ಆಚೆ ಹೋದ್ರೆ ತೇಗ, ಬಿದಿರು. ನಾವು ಉಳಿದಿದ್ದ ಹಳ್ಳಿ ಆ ಗದ್ದೆಗೂ ಕಾಡಿಗೂ ನಡುವಿನ ಅಂಚಿನಲ್ಲಿತ್ತು. ಮೊಬೈಲ್ ನೆಟ್‌ವರ್ಕ್ ಬೇಕಿದ್ರೆ ಚಾಪೆಲ್ ಹಿಂದಿನ ದಿಬ್ಬ ಹತ್ತಬೇಕು.

ಸಿದ್ದಿಗಳು ಬಂದ ದಾರಿ

ಗೂಗಲ್ ಮಾಡಿದ್ರೆ ಸಿಗೋದು ಇಷ್ಟು: ಸಿದ್ದಿಗಳ ಪೂರ್ವಿಕರು ಆಫ್ರಿಕಾದವರು. 1510ರಲ್ಲಿ ಗೋವಾ ಪೋರ್ಚುಗೀಸರ ಕೈಗೆ ಬಂದ ಮೇಲೆ ಹಡಗುಗಳಲ್ಲಿ ಮೊಜಾಂಬಿಕ್ ಮುಂತಾದ ಕಡೆಯಿಂದ ಜನರನ್ನು ಗುಲಾಮರಾಗಿ ತಂದರು. ಅರಬ್ ವ್ಯಾಪಾರಿಗಳೂ ತಂದರು. ಎಲ್ಲರೂ ಗುಲಾಮರಾಗಿಯೇ ಉಳಿಯಲಿಲ್ಲ. ಗುಲಾಮನಾಗಿ ದಖ್ಖನ್ನಿಗೆ ಬಂದ ಮಲಿಕ್ ಅಂಬರ್ ಅಹ್ಮದ್‌ನಗರದ ರಾಜ್ಯವನ್ನೇ ನಡೆಸಿದ, ಮೊಘಲರಿಗೆ ವರ್ಷಗಟ್ಟಲೆ ನಿದ್ದೆ ಕೆಡಿಸಿದ. ಆದರೆ ಗೋವಾದ ಮನೆಗಳಲ್ಲಿ ನೀರು ಹೊತ್ತು, ಪಲ್ಲಕ್ಕಿ ಹೊತ್ತು ಬದುಕಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅವರಲ್ಲಿ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಪೋರ್ಚುಗೀಸ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ರದ್ದಾಗಿದ್ದು 1869ರಲ್ಲಿ.

ಇವತ್ತು ಸಿದ್ದಿಗಳು ಹಳಿಯಾಳ, ಮುಂಡಗೋಡ, ಯಲ್ಲಾಪುರ, ಜೊಯಿಡಾ, ಅಂಕೋಲಾ ತಾಲ್ಲೂಕುಗಳಲ್ಲಿ ಮತ್ತು ಪಕ್ಕದ ಧಾರವಾಡ, ಬೆಳಗಾವಿ ಜಿಲ್ಲೆಗಳ ಅಂಚಿನಲ್ಲಿ ಇದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಯಲ್ಲಾಪುರ ಕಡೆ ಹಿಂದೂಗಳು ಜಾಸ್ತಿ. ಕ್ರೈಸ್ತರು ಹೆಚ್ಚಾಗಿ ಹಳಿಯಾಳ, ಮುಂಡಗೋಡ ಭಾಗದವರು. ಮೂರೂ ಧರ್ಮದವರು ತಮ್ಮ ಹಿರಿಯರನ್ನು ನೆನೆಯುವ ಪದ್ಧತಿ ಉಳಿಸಿಕೊಂಡಿದ್ದಾರೆ. ನಟ ಪ್ರಶಾಂತ್ ಸಿದ್ದಿಯನ್ನು ನೀವು ಸಿನಿಮಾದಲ್ಲಿ ನೋಡಿರ್ತೀರಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದರು, ಸಿದ್ದಿ ಸಮುದಾಯದ ಮೊದಲ ಶಾಸಕ.

ಗೂಗಲ್‌ನಲ್ಲಿ ಸಿಗದ ಒಂದು ವಿಷಯ ನನಗೆ ಮೊದಲ ದಿನವೇ ಸಿಕ್ತು. ಆ ಊರಿನವರು ಮನೆಯಲ್ಲಿ ಆಡೋದು ಒಂದು ಥರದ ಕೊಂಕಣಿ. ನಾನು ಮನೆಯಲ್ಲಿ ಆಡೋದೂ ಕೊಂಕಣಿ! ರಾಗ ಬೇರೆ, ಅರ್ಧ ಪದ ಬೇರೆ. ಅದರಲ್ಲಿ ಮರಾಠಿ, ಕನ್ನಡ ಬೆರೆತಿದೆ. ಆದ್ರೂ ನೀರು ಕೇಳಿದಾಗ, ಮನೆ ಎಲ್ಲಿ ಅಂತ ಕೇಳಿದಾಗ ಇಬ್ಬರಿಗೂ ಅರ್ಥ ಆಗುತ್ತೆ. ನಾವು ಉಳಿದಿದ್ದ ಮನೆಯ ಆಯಿ ನನ್ನ ಮಾತು ಕೇಳಿ ಬಾಯಿ ಮೇಲೆ ಕೈ ಇಟ್ಕೊಂಡು ನಕ್ಕರು. "ಇವ್ಳು ನಮ್ ಮಾತು ಆಡ್ತಾಳ, ಆದ್ರ ಯಾಕೋ ಸೊಟ್ಟ ಆಡ್ತಾಳ" ಅಂದರು.

ಖುಷಿಯಾಯ್ತು. ರಾತ್ರಿ ಮಲಗಿದಾಗ ಇನ್ನೊಂದು ಯೋಚನೆ ಬಂತು. ಮಂಗಳೂರಿನ ಕಥೋಲಿಕರಾದ ನಾವೂ ಗೋವಾದಿಂದಲೇ ಬಂದವರು. ಪೋರ್ಚುಗೀಸರ ಇನ್‌ಕ್ವಿಸಿಷನ್, ಯುದ್ಧ, ಬರ, ತೆರಿಗೆಗೆ ಹೆದರಿ ದಕ್ಷಿಣಕ್ಕೆ ಬಂದವರು ಅಂತ ನಮ್ಮ ಮನೆಗಳಲ್ಲಿ ಹೆಮ್ಮೆಯಿಂದ ಹೇಳ್ತಾರೆ. ಇವರೂ ಅದೇ ಗೋವಾದಿಂದ ತಪ್ಪಿಸಿಕೊಂಡು ಬಂದವರ ಮಕ್ಕಳು. ಹಾಗಾದರೆ ಅಲ್ಲಿ ಇವರ ಹಿರಿಯರು ಯಾರ ಮನೆಯ ನೀರು ಹೊತ್ತಿದ್ದರು? ಗೋವಾದಲ್ಲಿ ಗುಲಾಮರನ್ನು ಇಟ್ಟುಕೊಂಡವರು ಬರೀ ಬಿಳಿಯರಲ್ಲ, ಸ್ಥಳೀಯ ಸಿರಿವಂತರೂ ಇಟ್ಟುಕೊಂಡಿದ್ದರು. ನನ್ನ ಹಿರಿಯರು ಏನಾಗಿದ್ದರು ಅಂತ ನನಗೆ ಗೊತ್ತಿಲ್ಲ. ಆದರೆ ಆ ಮನೆಯ ಅಂಗಳದಲ್ಲಿ ಚಾಪೆ ಮೇಲೆ ಮಲಗಿ, "ಸೇವೆ ಮಾಡೋಕೆ ಬಂದಿದ್ದೀನಿ" ಅಂತ ಹೇಳ್ಕೊಳ್ಳೋದು ಅವತ್ತಿಂದ ಕಷ್ಟ ಆಯ್ತು.

ಗೋಡೆಗೆ ಹಳದಿ ಬಣ್ಣ

ನಮ್ಮ ಕ್ಯಾಂಪಿನ ದೊಡ್ಡ ಕೆಲಸ ಅಂದ್ರೆ ಮಕ್ಕಳ ಟ್ಯೂಷನ್ ನಡೆಯೋ ಒಂದು ಕೋಣೆಗೆ ಬಣ್ಣ ಹೊಡೆಯೋದು. ಮಧ್ಯೆ ಎರಡು ದಿನ ಸುತ್ತಾಟ. ಜೊಯಿಡಾಕ್ಕೆ ಹೋಗಿ ಸೂಪಾ ಅಣೆಕಟ್ಟು ನೋಡಿದ್ವಿ. ಹಳೇ ಸೂಪಾ ಊರು ಆ ನೀರಿನ ಕೆಳಗಿದೆ. ಅಲ್ಲಿನ ಕುಣಬಿ ಜನರ ಅಂಗಳದಲ್ಲಿ ಕೂತು ಬೇಯಿಸಿದ ಗೆಡ್ಡೆ ತಿಂದ್ವಿ. ನಮ್ಮನ್ನೂ ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅಂತ ಅವರು ವರ್ಷಗಳಿಂದ ಕೇಳ್ತಾ ಬಂದಿದ್ದಾರೆ. ಮುಂಡಗೋಡದಲ್ಲಿ ಜೆಸ್ವಿಟ್ ಪಾದ್ರಿಗಳು ನಡೆಸೋ ಲೊಯೋಲಾ ವಿಕಾಸ ಕೇಂದ್ರಕ್ಕೆ ಹೋದ್ವಿ. ಸಿದ್ದಿ, ಲಂಬಾಣಿ, ಗೌಳಿ, ದಲಿತ ಕುಟುಂಬಗಳ ನಡುವೆ ಕೆಲಸ ಮಾಡೋ ಸಂಸ್ಥೆ ಅದು. ಅಲ್ಲಿಂದ ಟಿಬೆಟಿಯನ್ ಕ್ಯಾಂಪ್. 1966ರಿಂದ ಇಲ್ಲೇ ನೆಲೆಸಿದವರು ಅವರು. ಮೊಮೊ ತಿಂದು, ಡ್ರೆಪುಂಗ್ ಮಠ ನೋಡಿ, ಸೆಲ್ಫಿ ತೆಗೆದು ವಾಪಸ್.

ಗುರುವಾರ, ಅಂದರೆ ಎಂಟನೇ ದಿನ, ಗೋಡೆ ಮುಗೀತು. ಹಳದಿ ಬಣ್ಣ, ಅದರ ಮೇಲೆ ಒಂದು ಕಡೆ ಕನ್ನಡ ವರ್ಣಮಾಲೆ, ಇನ್ನೊಂದು ಕಡೆ ಒಂದು ಜಿರಾಫೆ. ಜಿರಾಫೆ ಯಾಕೆ? ನಮಗೇ ಗೊತ್ತಿಲ್ಲ. ಕೀನ್ಯಾ ಇನ್ನೂ ತಲೆಯಲ್ಲಿತ್ತೇನೋ.

ಪಕ್ಕದಲ್ಲಿ ನಿಂತು ಬ್ರಶ್ ತೊಳೀತಿದ್ದ ಹುಡುಗಿ ಅದನ್ನು ನೋಡಿ ಕೇಳಿದಳು: "ಇದೇನ್ರಿ ಅಕ್ಕಾ? ಇದು ನಮ್ ಕಡೆ ಇಲ್ಲಲ್ರಿ. ಇಲ್ಲಿ ಕಾಡುಕೋಣ ಅದಾವ, ಹಾರ್ನ್‌ಬಿಲ್ ಅದಾವ, ಹುಲಿ ಅದಾವ."

ನಮ್ಮಲ್ಲೊಬ್ಬ ತಮಾಷೆಗೆ "ನಿಮ್ಮ ಆಫ್ರಿಕಾದ್ದಲ್ವಾ?" ಅಂದ.

ಅವಳು ನಗಲಿಲ್ಲ. "ನಾ ಧಾರವಾಡಕ್ಕ ಹೋದ್ರ ಬಸ್‌ನಾಗ ಯಾವ ದೇಶ ಅಂತ ಇಂಗ್ಲಿಷ್‌ನಾಗ ಕೇಳ್ತಾರ್ರಿ. ಹಳಿಯಾಳ ಅಂದ್ರ ನಂಬೂದಿಲ್ಲ. ನೀವೂ ಹಂಗ ಅಂದ್ರ ಹೆಂಗ?" ಅಂದಳು. ಬ್ರಶ್ ಕೊಡವಿ, ಡಬ್ಬಕ್ಕೆ ಹಾಕಿ ಹೊರಟೇ ಹೋದಳು.

ನಾಲ್ಕು ನೂರು ವರ್ಷದಿಂದ ಇಲ್ಲೇ ಇರೋ ಕನ್ನಡದ ಹುಡುಗಿ. ನಾವು ಮಾತ್ರ ಹತ್ತು ದಿನಕ್ಕೆ "ಆಫ್ರಿಕಾ" ನೋಡೋಕೆ ಬಂದಿದ್ವಿ.

ಒಂದು ಕಾಗದದ ಕತೆ

ಸಂಜೆ ಕ್ಷಮೆ ಕೇಳೋಣ ಅಂತ ಅವಳ ಮನೆಗೆ ಹೋದೆ. ಅವಳಮ್ಮ ಚಹಾ ಮಾಡಿದರು. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಿತ್ತು, ಫಸ್ಟ್ ಕ್ಲಾಸ್. "ಮುಂದೆ ಏನು?" ಅಂತ ಕೇಳಿದೆ.

ಅಮ್ಮ ಮಗಳು ಮುಖ ಮುಖ ನೋಡಿಕೊಂಡರು.

ಪಿಯುಸಿಗೆ ಪೇಟೆಯ ಕಾಲೇಜು, ಹಾಸ್ಟೆಲ್ ಬೇಕು. ಹಾಸ್ಟೆಲ್‌ಗೆ, ಸ್ಕಾಲರ್‌ಶಿಪ್‌ಗೆ ಜಾತಿ-ಆದಾಯ ಪ್ರಮಾಣಪತ್ರ ಬೇಕು. ಅದಕ್ಕೆ ಹಾಕಿದ ಅರ್ಜಿ ಎರಡು ಸಲ ವಾಪಸ್ ಬಂದಿತ್ತು. ಕಾರಣ: ಶಾಲೆಯ ದಾಖಲೆಯಲ್ಲಿ ಜಾತಿ ಅಂತ ಇರೋ ಕಡೆ 'ಕ್ರಿಶ್ಚಿಯನ್' ಅಂತ ಬರೆದಿದ್ದಾರೆ, 'ಸಿದ್ದಿ' ಅಂತ ಇಲ್ಲ. ಒಂದನೇ ಕ್ಲಾಸಿಗೆ ಸೇರಿಸುವಾಗ ಯಾರೋ ಹೆಸರು ಕೇಳಿ, ಧರ್ಮ ಕೇಳಿ, ಬರೆದು ಮುಗಿಸಿದ್ದು. ಅಪ್ಪ ಇಲ್ಲ. ಅವರ ಹೆಸರಲ್ಲಿ ಯಾವ ಪ್ರಮಾಣಪತ್ರವೂ ಇಲ್ಲ.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡ್ಬೇಕು, ಯಾಕಂದ್ರೆ ನನಗೂ ಗೊತ್ತಿರಲಿಲ್ಲ. ಪರಿಶಿಷ್ಟ ಜಾತಿಯ ಸೌಲಭ್ಯಕ್ಕೆ ಧರ್ಮದ ಮಿತಿ ಇದೆ. ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಪರಿಶಿಷ್ಟ ಪಂಗಡಕ್ಕೆ ಆ ಮಿತಿ ಇಲ್ಲ. ಸಿದ್ದಿಯಾದವರು ಚರ್ಚಿಗೆ ಹೋಗಲಿ, ಮಸೀದಿಗೆ ಹೋಗಲಿ, ದೇವಸ್ಥಾನಕ್ಕೆ ಹೋಗಲಿ, ಸಿದ್ದಿಯೇ. ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು, 2020ರಲ್ಲಿ ಧಾರವಾಡ ಮತ್ತು ಬೆಳಗಾವಿ ಜಿಲ್ಲೆಯವರನ್ನೂ ಸೇರಿಸಿದರು. ಅಂದರೆ ಹಕ್ಕು ಇದೆ. ಆದ್ರೆ ಅದು ಕೈಗೆ ಸಿಗೋದು ಒಂದು ಕಾಗದದ ಮೂಲಕ. ಆ ಕಾಗದ ಸಿಗೋಕೆ ಇನ್ನೊಂದು ಕಾಗದ ಬೇಕು.

"ಹಾಸ್ಟೆಲ್ ಸಿಗ್ಲಿಲ್ಲಂದ್ರ?" ಅಂದೆ.

"ಗೋವಾಕ್ಕ ಮನಿಗೆಲಸಕ್ಕ ಕರಿಯಾಕತ್ಯಾರ" ಅಂದರು ಅವಳಮ್ಮ. "ಅಕಿ ದೊಡ್ಡಪ್ಪನ ಮಗಳೂ ಅಲ್ಲೇ ಅದಾಳ."

ಗೋವಾಕ್ಕೆ. ಮನೆಗೆಲಸಕ್ಕೆ. ನನಗೆ ಚಹಾ ಗಂಟಲಲ್ಲಿ ಇಳೀಲಿಲ್ಲ.

ಕವಂದಿಯ ಮಡಿಕೆಯಲ್ಲಿ

ನಾನು ತಕ್ಷಣ ಹೀರೋಯಿನ್ ಥರ ಫೋನ್ ತೆಗೆದೆ. ಅದರಲ್ಲಿ ನೆಟ್‌ವರ್ಕ್ ಇರಲಿಲ್ಲ. ಪುಣ್ಯಕ್ಕೆ, ನನ್ನ ಅಗತ್ಯವೂ ಇರಲಿಲ್ಲ. ಅಷ್ಟರಲ್ಲಿ ಆ ಸ್ಕೂಟಿ ಅಕ್ಕ ಬಂದರು. ಅದೇ ಊರಿನ ಸಿದ್ದಿ ಹೆಣ್ಣುಮಗಳು, ಧಾರವಾಡದಲ್ಲಿ ಎಂ.ಎಸ್.ಡಬ್ಲ್ಯೂ. ಓದಿದವರು. ಊರಿನ ಯಾರದೇ ಅರ್ಜಿ ಇದ್ದರೂ ಇವರೇ ಓಡಾಡೋದು. ಅವರಿಗೆ ಎಲ್ಲ ಗೊತ್ತಿತ್ತು.

"ಅಪ್ಪನ ಕಡಿ ರಕ್ತಸಂಬಂಧಿ ಯಾರದರ ಸರ್ಟಿಫಿಕೇಟ್ ಇದ್ರ ಸಾಕ್ರಿ, ಅದನ್ನ ದಾಖಲೆ ಮಾಡಿ ಮತ್ತ ಹಾಕಬಹುದು. ಈಕಿ ಕಾಕಾ ಒಬ್ರು ಫಾರೆಸ್ಟ್‌ನಾಗ ವಾಚರ್ ಕೆಲಸಕ್ಕ ಅರ್ಜಿ ಹಾಕಿದ್ರು. ಆವಾಗ ಮಾಡಿಸಿರಬೇಕು. ಆದ್ರ ಅವ್ರ ಮನ್ಯಾಗ ಹುಡುಕಿದ್ವಿ, ಸಿಗಲಿಲ್ಲ" ಅಂದರು.

ಆಗ ಮೂಲೆಯಲ್ಲಿ ಕೂತಿದ್ದ ಆಯಿ ಬಾಯಿ ಬಿಟ್ಟರು. "ಅಂವಾ ಕಾಗದ ಎಲ್ಲಾ ನನ್ ಕಡೆ ಇಟ್ಟಾನ. ಮನಿ ಸೋರ್ತಿತ್ತಲ್ಲ, ಅದಕ್ಕ."

ಆಯಿಯ ಟ್ರಂಕ್ ತೆಗೆದ್ವಿ. ಒಳಗೆ ಕವಂದಿಗಳು. ನಮ್ಮ ಉತ್ತರ ಕರ್ನಾಟಕದ ಕೌದಿಯ ಸಿದ್ದಿ ಅವತಾರ ಅದು. ಹಳೇ ಸೀರೆ, ಅಂಗಿ, ಲಂಗದ ತುಂಡುಗಳನ್ನು ಸೇರಿಸಿ ಹೊಲಿದ ಹೊದಿಕೆ. ಒಂದೊಂದನ್ನೇ ಬಿಚ್ಚಿ ಕೊಡವಿದ್ವಿ. ಮೂರನೇ ಕವಂದಿಯ ಮಡಿಕೆಯಲ್ಲಿ ಒಂದು ರಸಗೊಬ್ಬರದ ಚೀಲದ ತುಂಡು. ಅದರೊಳಗೆ ಬಾಂಡ್ ಪೇಪರ್, ಲೈಟ್ ಬಿಲ್, ಒಂದು ಮದುವೆ ಫೋಟೋ, ಮತ್ತು ನಾಲ್ಕು ಮಡಿಕೆಯ ಆ ಪ್ರಮಾಣಪತ್ರ. ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು. ಆರ್‌ಡಿ ನಂಬರ್ ಮಾತ್ರ ಪೂರ್ತಿ ಇತ್ತು.

ಸ್ಕೂಟಿ ಅಕ್ಕ ನಂಬರನ್ನು ಎರಡು ಸಲ ಓದಿದರು. "ನಾಳೆ ಹಳಿಯಾಳಕ್ಕ ಹೋಗೂಣು. ಶನಿವಾರ ಹೋದ್ರ ಎರಡನೇ ಶನಿವಾರ, ಆಫೀಸ್ ಬಂದ್. ಸೋಮವಾರ ನಂಗ ಮುಂಡಗೋಡದಾಗ ಕೆಲ್ಸ ಐತಿ. ಯಾರರ ಒಬ್ರು ಬರ್ತೀರೇನ್ರಿ? ಅರ್ಜಿ ಟೈಪ್ ಮಾಡಾಕ, ಲೈನ್‌ನಾಗ ನಿಲ್ಲಾಕ."

ಶುಕ್ರವಾರ ಅಂದರೆ ರ‍್ಯಾಫ್ಟಿಂಗ್. ನಾನು ಎರಡು ನಿಮಿಷ ಯೋಚನೆ ಮಾಡಿದೆ ಅಂತ ಒಪ್ಪಿಕೊಳ್ತೀನಿ. ಎರಡು ನಿಮಿಷ ಪೂರ್ತಿ.

ಹಳಿಯಾಳದಲ್ಲಿ ಒಂದು ದಿನ

ಆ ದಿನದಲ್ಲಿ ರೋಮಾಂಚನ ಏನೂ ಇಲ್ಲ. ಲೈನ್, ಜೆರಾಕ್ಸ್, ಸರ್ವರ್ ಡೌನ್, ಮಿರ್ಚಿ ಬಜ್ಜಿ, ಮತ್ತೆ ಲೈನ್. ಶಾಲೆಯ ದಾಖಲೆಯಲ್ಲಿ ಯಾಕೆ ಹಾಗಿದೆ ಅಂತ ಒಂದು ವಿವರಣೆಯ ಪತ್ರ ಬೇಕಂತೆ. ನಾನು ಆಫೀಸಿನಲ್ಲಿ ಕ್ಲೈಂಟ್‌ಗೆ ದಿನಾ ಉದ್ದುದ್ದ ಇಮೇಲ್ ಬರೆಯೋಳು. ಆದರೆ ಕನ್ನಡದಲ್ಲಿ "ಮಾನ್ಯರೇ" ಆದ ಮೇಲೆ ಏನು ಬರೀಬೇಕು ಅಂತ ಪೆನ್ನು ಕಚ್ಚಿಕೊಂಡು ಕೂತೆ. ಸ್ಕೂಟಿ ಅಕ್ಕ ಪೆನ್ನು ಕಸಿದುಕೊಂಡು ಹತ್ತು ನಿಮಿಷದಲ್ಲಿ ಬರೆದರು. ಕೊನೆಗೆ ನನ್ನ ಕೆಲಸ ಅಂದ್ರೆ ಪಾಳಿ ಹಿಡಿಯೋದು, ಫೋಟೋಕಾಪಿ ಮಾಡಿಸೋದು, ಕವರ್ ಹಿಡ್ಕೊಂಡು ನಿಲ್ಲೋದು.

ಕೌಂಟರ್‌ನಲ್ಲಿದ್ದವರು ಹಳೇ ಪ್ರಮಾಣಪತ್ರದ ನಂಬರ್ ಹಾಕಿ ನೋಡಿದರು. ಸ್ಕ್ರೀನ್ ಮೇಲೆ ಕಾಕಾನ ಹೆಸರು ಬಂತು. "ಸರಿ ಐತಿ. ಊರಿಗೆ ಬಂದು ಪರಿಶೀಲನೆ ಮಾಡ್ತಾರ. ಮೂರ್ನಾಲ್ಕು ವಾರ ಹಿಡೀತದ" ಅಂದು ರಸೀದಿ ಕೊಟ್ಟರು.

ವಾಪಸ್ ಬರುವಾಗ ಸ್ಕೂಟಿ ಅಕ್ಕನಿಗೆ ಕೇಳಿದೆ, "ನಮ್ಮಂಥ ಗುಂಪುಗಳು ತುಂಬಾ ಬರ್ತಾವಾ?"

"ಬರ್ತಾವ್ರಿ. ನಾವು ಓಡೂದು ನೋಡಾಕ ಬರ್ತಾರ, ಕುಣಿಯೂದು ನೋಡಾಕ ಬರ್ತಾರ, ಕೂದಲಾ ಮುಟ್ಟಿ ನೋಡಾಕ ಬರ್ತಾರ. ಅರ್ಜಿ ನೋಡಾಕ ಯಾರೂ ಬರೂದಿಲ್ಲ" ಅಂದರು. ಬೇಜಾರಿಂದ ಅಲ್ಲ, ನಗುತ್ತಲೇ.

ಓಡೋದು ಅಂದ್ರೆ ಅದಕ್ಕೂ ಒಂದು ಕತೆ ಇದೆ. 80ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸ್ ತರಬೇತಿಗೆ ಕರ್ಕೊಂಡು ಹೋಗಿತ್ತು. ಒಲಿಂಪಿಕ್ಸ್ ಪದಕದ ಕನಸು. ಕಮಲಾ ಸಿದ್ದಿಯಂಥ ಒಳ್ಳೆಯ ಕ್ರೀಡಾಪಟುಗಳು ಅದರಿಂದ ಬಂದರು. ಆದರೆ ಕೆಲವೇ ವರ್ಷಗಳಲ್ಲಿ ಯೋಜನೆ ನಿಂತುಹೋಯ್ತು. ಎಷ್ಟೋ ಜನ ಊರಿಗೆ ಮರಳಿ ಕೂಲಿಗೆ ಹೋದರು. ಹೊರಗಿನವರು ಉತ್ಸಾಹದಿಂದ ಬರೋದು, ಅರ್ಧಕ್ಕೆ ಬಿಟ್ಟು ಹೋಗೋದು ಇವರಿಗೆ ಹೊಸದಲ್ಲ.

ಮೂಲೆಗೆ ಹೂವು

ಶನಿವಾರ ನಮಗೆ ಬಿಡುವಿನ ದಿನ. ರ‍್ಯಾಫ್ಟಿಂಗ್ ಮಾಡಿ ಬಂದವರು ಮೈಕೈ ನೋವಿನಿಂದ ಮಲಗಿದ್ದರು. ನಾನು ಆಯಿಯ ಜತೆ ಕೂತು ಕವಂದಿ ಹೊಲಿಯೋಕೆ ಪ್ರಯತ್ನಪಟ್ಟೆ.

ಮಳೆಗಾಲ ಶುರುವಾಗೋ ಮೊದಲು ಮುಗಿಸಬೇಕು ಅಂತ ಆಯಿಗೆ ಅವಸರ. ಮೊಮ್ಮಗಳು ಬಸುರಿ, ಮಗುವಿಗೆ ಇದು. ಕವಂದಿಯನ್ನು ಅಂಚಿನಿಂದ ಶುರು ಮಾಡಿ ಸುತ್ತ ಸುತ್ತ ಹೊಲಿಯುತ್ತಾ ನಡುವಿಗೆ ಬರಬೇಕು. ಬಟ್ಟೆಯ ತುಂಡು ಯಾವುದರ ಪಕ್ಕ ಯಾವುದು ಅಂತ ಮೊದಲೇ ನಕ್ಷೆ ಇಲ್ಲ, ಕೈಗೆ ಸಿಕ್ಕಿದ್ದು, ಕಣ್ಣಿಗೆ ಒಪ್ಪಿದ್ದು. ಕ್ರೈಸ್ತ ಹೆಂಗಸರು ಕೆಲವೊಮ್ಮೆ ಶಿಲುಬೆ ಹೊಲೀತಾರೆ, ಮುಸ್ಲಿಂ ಹೆಂಗಸರು ಚಂದ್ರ. ಕೊನೆಗೆ ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮಾಡಿದ ತ್ರಿಕೋನದ ಹೂವು, 'ಫುಲಾ' ಅಂತಾರೆ.

ನಮ್ಮ ಗುಂಪಿನ ಗೆಳತಿಯೊಬ್ಬಳು ಬಂದು ನೋಡಿ ಮನಸೋತಳು. "ಆಯಿ, ಇದನ್ನೇ ಕೊಡಿ, ದುಡ್ಡು ಕೊಡ್ತೀನಿ. ಮೂಲೆ ಹಾಗೇ ಇರ್ಲಿ, ಪರವಾಗಿಲ್ಲ."

ಆಯಿ ತಲೆ ಅಲ್ಲಾಡಿಸಿದರು. "ಹೂವ ಇಲ್ಲದ ಕವಂದಿ ಬತ್ತಲಿ ಇದ್ದಂಗ. ಹಂಗ ಕೊಡಾಕ ಬರೂದಿಲ್ಲ. ಇದು ಕೂಸಿಂದು. ನಿಂಗ ಬೇಕಂದ್ರ ಅಳತಿ ಹೇಳಿ ಹೋಗು, ಮಳಿಗಾಲ ಮುಗದ ಮ್ಯಾಲ ಬಾ."

ರೇಟ್ ಕೇಳಿದಾಗ ಆಯಿ ಹೇಳಿದ್ದು ಗೆಳತಿಗೆ ಜಾಸ್ತಿ ಅನ್ನಿಸ್ತು. ಮಾಲ್‌ನಲ್ಲಿ ಇದರ ನಾಲ್ಕು ಪಟ್ಟು ಕೊಟ್ಟು ಮಿಷನ್ ಹೊಲಿಗೆಯ ಬೆಡ್‌ಶೀಟ್ ತರೋರು ನಾವು. ಒಂದು ಕವಂದಿಗೆ ವಾರಗಟ್ಟಲೆ ಹಿಡಿಯುತ್ತೆ. ನಾನು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹೊಲಿದಿದ್ದು ಒಂದು ಗೇಣು. ಅದನ್ನೂ ಆಯಿ ಸದ್ದಿಲ್ಲದೆ ಬಿಚ್ಚಿ ಮತ್ತೆ ಹೊಲಿದರು.

ಕೊನೆಯ ರಾತ್ರಿ

ಶನಿವಾರ ರಾತ್ರಿ ನಮ್ಮನ್ನು ಬೀಳ್ಕೊಡೋಕೆ ಊರೇ ಸೇರಿತ್ತು. ಹಲಸಿನ ಹಣ್ಣು, ಅನ್ನ, ಕೋಳಿ ಸಾರು. ಆಮೇಲೆ ಡಮಾಮಿ. ಆ ವಾದ್ಯದ ಸದ್ದು ಮೊದಲು ಎದೆಗೆ ಬರುತ್ತೆ, ಆಮೇಲೆ ಕಿವಿಗೆ. ಹೆಂಗಸರು ಕೈ ಹಿಡಿದು ಫುಗಡಿ ಆಡಿದರು. ನಮ್ಮವರೆಲ್ಲ ಫೋನ್ ಎತ್ತಿದರು.

ಸ್ಕೂಟಿ ಅಕ್ಕ ಬಂದು ಮೆಲ್ಲಗೆ "ಫೋನ್ ಕೆಳಗಿಡ್ರಿ, ಬರ್ರಿ" ಅಂದರು. ಎಳೆದೇ ಬಿಟ್ಟರು. ನನಗೆ ಕುಣಿಯೋಕೆ ಬರಲ್ಲ. ಯಾರಿಗೂ ಅದರ ಚಿಂತೆ ಇರಲಿಲ್ಲ.

ನಡುವೆ ನಮ್ಮ ಗುಂಪಿನ ನಾಯಕ ಒಂದು ಭಾಷಣ ಮಾಡಿದ. "ನಾವು ಮತ್ತೆ ಬರ್ತೀವಿ, ಪ್ರತಿ ವರ್ಷ ಬರ್ತೀವಿ" ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಪಕ್ಕ ಕೂತಿದ್ದ ಆಯಿ ಚಪ್ಪಾಳೆ ತಟ್ಟುತ್ತಲೇ, ಯಾರಿಗೂ ಕೇಳದ ಹಾಗೆ ಅಂದರು: "ಎಲ್ಲಾರೂ ಹಿಂಗ ಅಂತಾರ. ಹೇಳೂದು ಚಂದ, ಹೇಳ್ಲಿ ಬಿಡು."

ಮಾರನೇ ದಿನ ಭಾನುವಾರ, ಬೆಳಿಗ್ಗೆ ಪೂಜೆ. ಚಾಪೆಲ್ ತುಂಬಿತ್ತು. ಅಲ್ಲಿನ ಹೆಸರುಗಳನ್ನು ಕೇಳ್ಬೇಕು ನೀವು: ಜುಜೆ, ಮಿಂಗೇಲ್, ಬಸ್ತ್ಯಾಂವ್. ನಮ್ಮ ಮಂಗಳೂರಿನಲ್ಲಿ ಅಜ್ಜಂದಿರ ಜತೆಗೇ ಹೋಗಿಬಿಟ್ಟ ಹೆಸರುಗಳು ಇಲ್ಲಿ ಹತ್ತು ವರ್ಷದ ಹುಡುಗರಿಗೆ ಇವೆ. ಕೊಂಕಣಿಯ ಒಂದು ಹಳೇ ಭಕ್ತಿಗೀತೆ ಹಾಡಿದರು. ನನ್ನ ಅಜ್ಜಿ ಹಾಡ್ತಿದ್ದದ್ದು. ರಾಗ ಸ್ವಲ್ಪ ಬೇರೆ, ಪದ ಅದೇ. ನಾವು ಇವರಿಗೆ ಏನನ್ನೋ ತಂದುಕೊಡೋಕೆ ಬಂದಿದ್ವಿ. ನನ್ನ ಮನೆಯಲ್ಲಿ ಕಳೆದುಹೋಗಿದ್ದು ಇಲ್ಲಿ ಜೋಪಾನವಾಗಿತ್ತು.

ಬಸ್ ಬಂತು. ಆ ಹುಡುಗಿ ನನ್ನ ಕೈಗೆ ರಸೀದಿಯ ಒಂದು ಜೆರಾಕ್ಸ್ ಕೊಟ್ಟಳು. "ನಿಮ್ ಕಡೆನೂ ಒಂದ್ ಇರ್ಲಿ ಅಕ್ಕಾ. ನಂದು ಕಳದ್ರ ನಿಮ್ದು ಇರ್ತೈತಿ." ಆಯಿಗೆ "ದೇವ್ ಬರೆಂ ಕರುಂ" ಅಂದೆ. ದೇವರು ಒಳ್ಳೇದು ಮಾಡಲಿ ಅಂತ. ಕೊಂಕಣಿಯಲ್ಲಿ ಥ್ಯಾಂಕ್ಸ್ ಹೇಳೋದು ಹೀಗೆ. ಆಯಿ ನನ್ನ ಕೆನ್ನೆ ಸವರಿ, "ಮಾತು ಸ್ವಲ್ಪ ಸುಧಾರ್ಸೈತಿ" ಅಂದರು.

ಆಮೇಲೆ

ಸೋಮವಾರ ಬೆಳಿಗ್ಗೆ ಟ್ರೈನ್ ಇಳಿದು ನೇರ ಆಫೀಸು. "ಹೇಗಿತ್ತು ಟ್ರಿಪ್?" ಅಂತ ಕೇಳಿದವರಿಗೆಲ್ಲ "ಸೂಪರ್" ಅಂದೆ. ಬೇರೆ ಏನು ಹೇಳೋದು ಅಂತ ಗೊತ್ತಾಗಲಿಲ್ಲ. ಗ್ರೂಪಿನಲ್ಲಿ ನಾಲ್ಕು ನೂರು ಫೋಟೋ ಬಂದವು. ಅದರಲ್ಲಿ ಆಯಿಯದು ಹನ್ನೊಂದು. ಆಯಿಯ ಹೆಸರು ಏನು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಕೇಳಿದೆ. ಮೂರು ಜನಕ್ಕೆ.

ಜೂನ್‌ನಲ್ಲಿ ಒಂದು ರಾತ್ರಿ ವಾಯ್ಸ್ ಮೆಸೇಜ್ ಬಂತು. ಹಿಂದೆ ಧೋ ಅಂತ ಮಳೆ ಸದ್ದು. "ಅಕ್ಕಾ, ಸರ್ಟಿಫಿಕೇಟ್ ಬಂತ್ರಿ. ಸಿದ್ದಿ ಅಂತ ಬರದಾರ. ಹಾಸ್ಟೆಲ್‌ಗೆ ಅರ್ಜಿ ಹಾಕೇನಿ." ಒಂದು ಕ್ಷಣ ಬಿಟ್ಟು, "ಮತ್ತ… ನಿಮ್ ಗ್ವಾಡಿ ಬಣ್ಣಾ ಪೂರಾ ಕಿತ್ತು ಬಂದೈತ್ರಿ. ಜಿರಾಫಿಗೆ ಕಾಲಿಲ್ಲ ಈಗ."

ಹತ್ತು ದಿನ ಹದಿನಾಲ್ಕು ಜನ ಸೇರಿ ಮಾಡಿದ ಕೆಲಸ ಒಂದು ಮಳೆಗೆ ಹೋಯ್ತು. ಗೋಡೆ ಒದ್ದೆ ಹಿಡಿಯೋ ಜಾಗದಲ್ಲಿ ಬಣ್ಣ ನಿಲ್ಲೋದಿಲ್ಲ ಅಂತ ಊರಿನವರಿಗೆ ಮೊದಲೇ ಗೊತ್ತಿತ್ತಂತೆ. ನಾವು ಕೇಳಿರಲಿಲ್ಲ, ಅವರು ಬೇಜಾರಾದೀತು ಅಂತ ಹೇಳಿರಲಿಲ್ಲ. ಒಂದು ದಿನ ಪಾಳಿಯಲ್ಲಿ ನಿಂತ ಕೆಲಸ ಮಾತ್ರ ಉಳೀತು. ಅದರಲ್ಲೂ ನನ್ನ ಪಾಲು ಚಿಕ್ಕದು. ನಾನು ಹೋಗದಿದ್ದರೂ ಸ್ಕೂಟಿ ಅಕ್ಕ ಹೇಗೋ ಮಾಡಿಸ್ತಿದ್ದರು, ಸ್ವಲ್ಪ ತಡವಾಗ್ತಿತ್ತು ಅಷ್ಟೆ.

ಡಿಸೆಂಬರ್‌ನಲ್ಲಿ ಮತ್ತೆ ಹೋಗಿದ್ದೆ. ಬ್ಯಾನರ್ ಇಲ್ಲ, ಗುಂಪಿಲ್ಲ, ನಾನು ಮತ್ತು ಕವಂದಿಯ ಅಳತೆ ಕೊಟ್ಟಿದ್ದ ಆ ಗೆಳತಿ. ಹುಡುಗಿ ಹಾಸ್ಟೆಲ್‌ನಿಂದ ರಜೆಗೆ ಬಂದಿದ್ದಳು. ಫಿಸಿಕ್ಸ್ ಕಷ್ಟ ಅಂತ ಗೋಳಾಡಿದಳು. ಆಯಿ ಬಾಗಿಲಲ್ಲಿ ನಮ್ಮನ್ನು ನೋಡಿ ಒಂದು ಗಳಿಗೆ ಸುಮ್ಮನಾದರು. ಆಮೇಲೆ ಒಳಗೆ ಹೋಗಿ ಕವಂದಿ ತಂದರು. ನಾಲ್ಕೂ ಮೂಲೆಗೆ ಹೂವಿತ್ತು. ಹೇಳಿದ ರೇಟ್ ಕೊಟ್ಟು ತಗೊಂಡ್ವಿ.

ನೀವೂ ಇಂಥ ಟ್ರಿಪ್ ಹೊರಟಿದ್ರೆ

● ಹೋಗೋ ಮೊದಲು ಊರಿನವರಿಗೆ ಫೋನ್ ಮಾಡಿ "ಏನು ಬೇಕು?" ಅಂತ ಕೇಳಿ. ನಿಮ್ಮ ಹತ್ರ ಪೇಂಟ್ ಇದೆ ಅನ್ನೋ ಕಾರಣಕ್ಕೆ ಅವರಿಗೆ ಗೋಡೆ ಬೇಕು ಅಂತಲ್ಲ.

● ಊರಿನಲ್ಲಿ ಮೊದಲೇ ಕೆಲಸ ಮಾಡ್ತಿರೋ ಒಬ್ಬರು ಇದ್ದೇ ಇರ್ತಾರೆ. ಅವರನ್ನು ಹುಡುಕಿ, ಅವರ ಕೈಕೆಳಗೆ ಕೆಲಸ ಮಾಡಿ.

● ಫೋಟೋ ತೆಗೆಯೋ ಮುಂಚೆ ಹೆಸರು ಕೇಳಿ, ಒಪ್ಪಿಗೆ ಕೇಳಿ. ಕೂದಲು ಮುಟ್ಟಬೇಡಿ. "ಯಾವ ದೇಶ?" ಅಂತ ಕೇಳಬೇಡಿ.

● ಕವಂದಿಯೋ ಜೇನೋ ಏನೇ ಕೊಂಡ್ರೂ ಚೌಕಾಸಿ ಬೇಡ.

● "ಮತ್ತೆ ಬರ್ತೀನಿ" ಅಂತ ಹೇಳೋ ಮೊದಲು ಕ್ಯಾಲೆಂಡರ್ ನೋಡಿ. ಬರೋಕೆ ಆಗದಿದ್ರೆ ಹೇಳ್ಬೇಡಿ. ಅವರು ನಿಮ್ಮ ಮಾತನ್ನು ನಂಬದೇ ಇರಬಹುದು, ಆದರೆ ಮರೆಯೋದಿಲ್ಲ.